ವೈಫೈ ಇದೆ, ಇಂಟರ್ನೆಟ್ ಇಲ್ಲ: ರೂಟರ್ ಆಫ್ ಮಾಡುವ ಮುಂಚೆ ಲಾಗ್ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ರೂಟರಿನವೇ. ಅದರಲ್ಲಿ ಸಾಗರದ ಕಡೆಯಿಂದ ಬಂದ ಒಂದು ಪತ್ರದಲ್ಲಿ ಬೇಕಾದ ವಿವರವೆಲ್ಲ ಇತ್ತು. ಹಾಗಾಗಿ ಅದನ್ನು ಸ್ವಲ್ಪವೇ ಕತ್ತರಿಸಿ ಹಾಕಿದ್ದೇನೆ, ಉತ್ತರವೂ ಉದ್ದವಾಗಿದೆ. ಉಳಿದ ಮೂರಕ್ಕೆ ಚಿಕ್ಕದಾಗಿ ಬರೆದಿದ್ದೇನೆ.

ಪ್ರಶ್ನೆ: ಸರ್, ನಾನು ರಿಟೈರ್ ಆದ ಹೈಸ್ಕೂಲು ಮೇಷ್ಟ್ರು. ಸಾಗರದ ಹತ್ತಿರ ತೋಟದ ಮನೆ. ಎರಡು ವರ್ಷದ ಹಿಂದೆ ಫೈಬರ್ ಬಂತು. ಬೆಂಗಳೂರಿನಲ್ಲಿರುವ ನಮ್ಮಕ್ಕನ ಮಗ ಯುಗಾದಿಗೆ ಬಂದವನು ನಮ್ಮ ಹಳೇ ರೂಟರಿಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಸಾಫ್ಟ್‌ವೇರ್ ಹಾಕಿ, ಜಾಹೀರಾತು ತಡೆಯುವ ವ್ಯವಸ್ಥೆಯನ್ನೂ ಮಾಡಿಕೊಟ್ಟು ಹೋದ. ಎರಡು ತಿಂಗಳು ಚೆನ್ನಾಗಿತ್ತು. ಈಗ ವಾರಕ್ಕೆ ನಾಲ್ಕು ದಿನವಾದರೂ ಸಂಜೆ ಏಳು ಗಂಟೆ ಹೊತ್ತಿಗೆ ಇಂಟರ್ನೆಟ್ ಹೋಗುತ್ತದೆ. ವೈಫೈ ಗುರುತು ಫುಲ್ ಇರುತ್ತದೆ. ವಿಚಿತ್ರ ಏನೆಂದರೆ, ಡಲ್ಲಾಸಿನಲ್ಲಿರುವ ಮಗಳ ಜೊತೆ ಮಾತಾಡುತ್ತಿದ್ದ ವಿಡಿಯೋ ಕಾಲ್ ಕಟ್ ಆಗುವುದಿಲ್ಲ, ಅದು ನಡೆದೇ ಇರುತ್ತದೆ. ಆದರೆ ಅದೇ ಹೊತ್ತಿಗೆ ಪಕ್ಕದಲ್ಲಿ ಕೂತ ನನ್ನ ಹೆಂಡತಿಯ ಫೋನಿನಲ್ಲಿ ಯಾವ ಪೇಜೂ ತೆರೆಯುವುದಿಲ್ಲ. ತೋಟಕ್ಕೆ ಹೋಗಿ ಬಂದ ಮಗನ ಫೋನಂತೂ ವೈಫೈಗೆ ಸೇರುವುದೇ ಇಲ್ಲ, ‘ಐಪಿ ಅಡ್ರೆಸ್ ಪಡೆಯಲಾಗುತ್ತಿದೆ’ ಅಂತ ತೋರಿಸುತ್ತಾ ಅಲ್ಲೇ ನಿಂತುಬಿಡುತ್ತದೆ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಸರಿ. ಲೈನ್ ಕೊಟ್ಟವರನ್ನು ಕರೆಸಿದೆ, ಅವರು ನೋಡಿ ಫೈಬರ್ ಸಿಗ್ನಲ್ ಚೆನ್ನಾಗಿದೆ ಅಂದರು. ಅಕ್ಕನ ಮಗ ಫೋನಿನಲ್ಲೇ ಹೇಳಿಕೊಟ್ಟಂತೆ ರೂಟರಿನ ಪೇಜಿಗೆ ಹೋಗಿ ಕೆಲವು ಸಾಲು ಬರೆದುಕೊಂಡಿದ್ದೇನೆ. ಒಂದರಲ್ಲಿ ‘ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೊಸೆಸ್, ಡಿಎನ್‌ಎಸ್‌ಮಾಸ್ಕ್’ ಅಂತಿದೆ. ಅದೇ ತರಹದ್ದು ಸುಮಾರು ಸಲ ಬಂದು, ಕೊನೆಗೆ ‘ಕ್ರ್ಯಾಶ್ ಲೂಪ್, 6 ಕ್ರ್ಯಾಶಸ್’ ಅಂತ ಬಂದಿದೆ. ರೂಟರಿನ ಮೆಮೊರಿ 64 ಎಂಬಿ. ಹೊಸ ರೂಟರ್ ತೊಗೊಳ್ಳಬೇಕಾ? — ಒಬ್ಬ ಓದುಗರು, ಸಾಗರ ತಾಲೂಕು

ಉತ್ತರ: ಮೇಷ್ಟ್ರೇ, ಮೊದಲು ನಿಮಗೆ ಥ್ಯಾಂಕ್ಸ್. ಆ ಎರಡು ಸಾಲು ಬರೆದುಕೊಂಡಿರಲ್ಲ, ಅರ್ಧ ಕೆಲಸ ಅಲ್ಲೇ ಮುಗಿದಿದೆ. ಹೊಸ ರೂಟರಿಗೆ ಈಗಲೇ ದುಡ್ಡು ಹಾಕಬೇಡಿ. ನಿಮ್ಮ ಲೈನ್ ಸರಿ ಇದೆ, ವೈಫೈ ಸರಿ ಇದೆ, ರೂಟರ್ ಕೂಡ ಕೆಟ್ಟಿಲ್ಲ. ಅದರೊಳಗೆ ಓಡುವ ಒಂದೇ ಒಂದು ಪ್ರೋಗ್ರಾಂ ಮೆಮೊರಿ ಸಾಲದೆ ಸಾಯುತ್ತಿದೆ. ಅದರ ಹೆಸರು ಡಿಎನ್‌ಎಸ್‌ಮಾಸ್ಕ್.

ನೀವು ಬರೆದ ಆ ವಿಚಿತ್ರ ಇದೆಯಲ್ಲ, ಒಬ್ಬರ ಕಾಲ್ ನಡೆಯುತ್ತದೆ, ಇನ್ನೊಬ್ಬರಿಗೆ ಪೇಜ್ ತೆರೆಯಲ್ಲ, ಮೂರನೆಯವರ ಫೋನ್ ಸೇರುವುದೇ ಇಲ್ಲ, ಅದು ಈ ಕಾಯಿಲೆಯ ಪಕ್ಕಾ ಲಕ್ಷಣ. ಡಿಎನ್‌ಎಸ್‌ಮಾಸ್ಕ್ ಮನೆಯ ರೂಟರಿನಲ್ಲಿ ಎರಡು ಕೆಲಸ ಮಾಡುತ್ತದೆ. ಒಂದು, ಹೊಸದಾಗಿ ಸೇರುವ ಪ್ರತಿ ಫೋನಿಗೂ ಒಂದು ಐಪಿ ವಿಳಾಸ ಕೊಡುವುದು, ಇದಕ್ಕೆ ಡಿಎಚ್‌ಸಿಪಿ ಅಂತಾರೆ. ಎರಡು, ನೀವು ಒಂದು ವೆಬ್‌ಸೈಟಿನ ಹೆಸರು ಹೊಡೆದಾಗ ಆ ಹೆಸರಿಗೆ ಸೇರಿದ ನಂಬರನ್ನು ಕೇಳಿ ತಂದುಕೊಡುವುದು, ಇದು ಡಿಎನ್‌ಎಸ್. ಪ್ರೋಗ್ರಾಂ ಸತ್ತರೆ ಎರಡೂ ಕೆಲಸ ಒಟ್ಟಿಗೆ ನಿಲ್ಲುತ್ತವೆ. ಆದರೆ ಡೇಟಾ ಆ ಕಡೆಯಿಂದ ಈ ಕಡೆಗೆ ದಾಟಿಸುವುದು ಇದರ ಕೆಲಸವಲ್ಲ, ಅದನ್ನು ಕರ್ನಲ್, ಅಂದರೆ ರೂಟರಿನ ಸಾಫ್ಟ್‌ವೇರಿನ ತಿರುಳು, ಮಾಡುತ್ತದೆ. ಮಗಳ ಕಾಲಿಗೆ ನಂಬರ್ ಮೊದಲೇ ಸಿಕ್ಕಿ ಆಗಿದೆ, ಹಾಗಾಗಿ ಅದು ಆರಾಮಾಗಿ ನಡೆಯುತ್ತದೆ. ನಿಮ್ಮ ಮನೆಯವರ ಫೋನು ಮನೆಯಲ್ಲೇ ಇತ್ತು, ಅದಕ್ಕೆ ಕೊಟ್ಟ ವಿಳಾಸ ಇನ್ನೂ ಚಾಲ್ತಿಯಲ್ಲಿದೆ (ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಮಾಮೂಲಿಯಾಗಿ 12 ಗಂಟೆ ನಡೆಯುತ್ತದೆ), ಆದರೆ ಹೊಸ ಹೆಸರು ಹುಡುಕಿಕೊಡುವವರಿಲ್ಲ. ಮಗ ತೋಟದಿಂದ ಬಂದಾಗ ಅವನ ಫೋನು ವಿಳಾಸ ಕೇಳುತ್ತದೆ, ಉತ್ತರ ಹೇಳುವವರು ಯಾರೂ ಇಲ್ಲ, ಕಾಯುತ್ತಾ ನಿಲ್ಲುತ್ತದೆ. ವಿಂಡೋಸ್ ಲ್ಯಾಪ್‌ಟಾಪ್ ಆಗಿದ್ದರೆ ಕಾದು ಕಾದು ತಾನೇ 169.254 ಅಂತ ಶುರುವಾಗುವ ಒಂದು ವಿಳಾಸ ಹಾಕಿಕೊಂಡುಬಿಡುತ್ತದೆ. ಯಾರಿಗಾದರೂ ಆ ನಂಬರ್ ಕಂಡರೆ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲ ಅಂತ ತಿಳಿಯಿರಿ.

ಇದನ್ನು ಖಾತ್ರಿ ಮಾಡಿಕೊಳ್ಳೋದು ಸುಲಭ. ಮುಂದಿನ ಸಲ ಹೋದಾಗ ರೂಟರ್ ಮುಟ್ಟಬೇಡಿ. ಮೊದಲೇ ವೈಫೈಗೆ ಸೇರಿಕೊಂಡಿರುವ ಲ್ಯಾಪ್‌ಟಾಪಿನಲ್ಲಿ ಕಪ್ಪು ಕಮಾಂಡ್ ಕಿಟಕಿ ತೆರೆದು ‘ಪಿಂಗ್’ ಅಂತ ಇಂಗ್ಲಿಷಿನಲ್ಲಿ ಹೊಡೆದು, ಒಂದು ಜಾಗ ಬಿಟ್ಟು 1.1.1.1 ಕೊಡಿ. ಉತ್ತರ ಬಂತು ಅಂದರೆ ನಿಮ್ಮ ಮನೆಯಿಂದ ಹೊರಜಗತ್ತಿಗೆ ದಾರಿ ಇದೆ. ಈಗ ಅದೇ ಪಿಂಗ್ ಯಾವುದಾದರೂ ವೆಬ್‌ಸೈಟಿನ ಹೆಸರಿಗೆ ಕೊಡಿ. ಹೋಸ್ಟ್ ಸಿಗಲಿಲ್ಲ ಅಂತ ಬಂದರೆ, ನಂಬರಿಗೆ ಹೋಗುತ್ತದೆ ಹೆಸರಿಗೆ ಹೋಗಲ್ಲ ಅಂತಾಯ್ತು. ಅಲ್ಲಿಗೆ ಲೈನಿನವರನ್ನು ಮತ್ತೆ ಕರೆಸುವ ಅಗತ್ಯ ಇಲ್ಲ.

ಈಗ ಲಾಗ್ ವಿಷಯ, ಅಂದರೆ ಏನೇನಾಯಿತು ಅಂತ ರೂಟರ್ ತಾನೇ ಬರೆದಿಟ್ಟುಕೊಳ್ಳುವ ದಿನಚರಿ. ಇದನ್ನು ನಾನು ಎಲ್ಲ ಓದುಗರಿಗೂ ಕೈಮುಗಿದು ಹೇಳುತ್ತೇನೆ: ಆಫ್ ಮಾಡುವ ಮುಂಚೆ ಲಾಗ್ ನೋಡಿ. ಓಪನ್‌ಡಬ್ಲ್ಯುಆರ್‌ಟಿ ತನ್ನ ಲಾಗನ್ನು ರ‍್ಯಾಮಿನಲ್ಲೇ ಇಟ್ಟುಕೊಂಡಿರುತ್ತದೆ, ಅಂದರೆ ಕರೆಂಟ್ ಇರುವ ತನಕ ಮಾತ್ರ ನೆನಪಿಡುವ ಆ 64 ಎಂಬಿ ಮೆಮೊರಿಯಲ್ಲಿ. ಕರೆಂಟ್ ಹೋದರೂ ಉಳಿಯುವ ಫ್ಲ್ಯಾಶ್ ಮೆಮೊರಿಗೆ ಸುಮ್ನೆ ಬರೆಯುತ್ತಾ ಹೋದರೆ ಅದು ಬೇಗ ಸವೆಯುತ್ತದೆ ಅನ್ನುವ ಕಾರಣಕ್ಕೆ ಹಾಗೆ ಮಾಡಿದ್ದಾರೆ. ಸ್ವಿಚ್ ಆರಿಸಿದ ಕೂಡಲೇ ಆ ದಿನ ಏನಾಯಿತು ಅನ್ನುವ ಸಾಕ್ಷಿ ಪೂರ್ತಿ ಅಳಿಸಿಹೋಗುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸರಿ ಹೋಗುತ್ತದೆ ನಿಜ, ಆದರೆ ಯಾಕೆ ಕೆಟ್ಟಿತು ಅಂತ ಮಾತ್ರ ಯಾವತ್ತೂ ಗೊತ್ತಾಗಲ್ಲ. ಲಾಗ್ ನೋಡಲು ಬ್ರೌಸರಿನಲ್ಲಿ 192.168.1.1 ಹೊಡೆದು ಒಳಗೆ ಹೋಗಿ, ‘ಸ್ಟೇಟಸ್’ ಕೆಳಗೆ ‘ಸಿಸ್ಟಮ್ ಲಾಗ್’ ಮತ್ತು ‘ಕರ್ನಲ್ ಲಾಗ್’ ಎರಡನ್ನೂ ನೋಡಬೇಕು. ಇಲ್ಲಿ ನಂಬರನ್ನೇ ಹೊಡೆಯುವುದರಿಂದ ಡಿಎನ್‌ಎಸ್ ಸತ್ತಿದ್ದರೂ ಪೇಜ್ ತೆರೆಯುತ್ತದೆ. ಫೋನು ವಿಳಾಸ ಸಿಗದೆ ಒದ್ದಾಡುತ್ತಿದ್ದರೆ ಅದರ ವೈಫೈ ಸೆಟ್ಟಿಂಗಿನಲ್ಲಿ ‘ಸ್ಟ್ಯಾಟಿಕ್’ ಆರಿಸಿ, ಐಪಿ ಜಾಗದಲ್ಲಿ 192.168.1.50, ಗೇಟ್‌ವೇ ಜಾಗದಲ್ಲಿ 192.168.1.1 ಕೊಟ್ಟರೆ ಒಳಗೆ ಹೋಗಬಹುದು. ಕೆಲಸ ಆದ ಮೇಲೆ ಮರೆಯದೆ ವಾಪಸ್ ‘ಡಿಎಚ್‌ಸಿಪಿ’ಗೆ ಹಾಕಿ.

ನೀವು ಕಳಿಸಿದ ಮೊದಲನೇ ಸಾಲಿನ ಅರ್ಥ ಇದು. ರೂಟರಿನಲ್ಲಿ ಮೆಮೊರಿ ಪೂರ್ತಿ ಖಾಲಿಯಾದಾಗ ಇಡೀ ರೂಟರ್ ಕೂತುಹೋಗಬಾರದು ಅಂತ ಕರ್ನಲ್ ಯಾವುದಾದರೂ ಒಂದು ಪ್ರೋಗ್ರಾಮನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ. ಸಾಮಾನ್ಯವಾಗಿ ಯಾರು ಜಾಸ್ತಿ ಜಾಗ ಹಿಡಿದಿದ್ದಾರೋ ಅವರ ಮೇಲೆ ಕಣ್ಣು ಬೀಳುತ್ತದೆ. ನಿಮ್ಮಲ್ಲಿ ಅದು ಡಿಎನ್‌ಎಸ್‌ಮಾಸ್ಕ್. ಯಾಕೆ ಅದು ಅಷ್ಟು ಉಬ್ಬಿದೆ? ಜಾಹೀರಾತು ತಡೆಯುವ ಪಟ್ಟಿಯಿಂದ. ಆ ಪಟ್ಟಿಯಲ್ಲಿರುವ ಪ್ರತಿಯೊಂದು ಜಾಹೀರಾತು ತಾಣದ ಹೆಸರನ್ನೂ ಡಿಎನ್‌ಎಸ್‌ಮಾಸ್ಕ್ ತನ್ನ ಮೆಮೊರಿಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ದೊಡ್ಡ ಪಟ್ಟಿಗಳಲ್ಲಿ ಲಕ್ಷಗಟ್ಟಲೆ ಹೆಸರಿರುತ್ತವೆ. 64 ಎಂಬಿಯಲ್ಲಿ ಕರ್ನಲ್ಲು, ವೈಫೈ ಡ್ರೈವರು ಎಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿಯುವುದೇ ಸ್ವಲ್ಪ.

ಇನ್ನು ಎರಡನೇ ಸಾಲು. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಪ್ರಾಕ್‌ಡಿ ಅಂತ ಒಬ್ಬ ಮೇಲ್ವಿಚಾರಕ ಇದ್ದಾನೆ ಅಂದುಕೊಳ್ಳಿ. ಯಾವುದಾದರೂ ಸೇವೆ ಸತ್ತರೆ 5 ಸೆಕೆಂಡ್ ಬಿಟ್ಟು ಅದನ್ನು ಮತ್ತೆ ಎಬ್ಬಿಸುವುದು ಅವನ ಕೆಲಸ. ಎದ್ದ ಸೇವೆ ಒಂದು ಗಂಟೆ, ಅಂದರೆ 3600 ಸೆಕೆಂಡ್, ಬದುಕುವ ಮೊದಲೇ ಮತ್ತೆ ಸತ್ತರೆ ಅದನ್ನು ಕ್ರ್ಯಾಶ್ ಅಂತ ಲೆಕ್ಕ ಹಾಕುತ್ತಾನೆ. ಹೀಗೆ 5 ಸಲ ಎಬ್ಬಿಸಿ ನೋಡುತ್ತಾನೆ. ಆರನೇ ಸಲವೂ ಬಿದ್ದರೆ ಕೈಬಿಡುತ್ತಾನೆ. ನಿಮ್ಮ ‘6 ಕ್ರ್ಯಾಶಸ್’ ಅದೇ. ಆಮೇಲೆ ಯಾರಾದರೂ ಕೈಯಾರೆ ಶುರು ಮಾಡುವ ತನಕ, ಇಲ್ಲಾ ರೂಟರ್ ಆಫ್ ಮಾಡಿ ಆನ್ ಮಾಡುವ ತನಕ, ಡಿಎನ್‌ಎಸ್‌ಮಾಸ್ಕ್ ಏಳುವುದಿಲ್ಲ. ಈ ಲೆಕ್ಕವನ್ನು ಬದಲಿಸಿ ಎಷ್ಟು ಸಲ ಬೇಕಾದರೂ ಎಬ್ಬಿಸು ಅಂತ ಹೇಳಬಹುದು, ಅರ್ಧ ಗಂಟೆಗೊಮ್ಮೆ ರೀಸ್ಟಾರ್ಟ್ ಮಾಡುವ ಹಾಗೂ ಇಡಬಹುದು. ಎರಡನ್ನೂ ಮಾಡಬೇಡಿ ಅಂತ ನನ್ನ ಸಲಹೆ. ಜಾಗ ಇಲ್ಲದ ಕಡೆ ಮತ್ತೆ ಮತ್ತೆ ಎಬ್ಬಿಸಿದರೆ ಅದು ಮತ್ತೆ ಮತ್ತೆ ಸಾಯುತ್ತದೆ ಅಷ್ಟೇ, ಆ ನೂಕುನುಗ್ಗಲಿನಲ್ಲಿ ಒಂದು ದಿನ ವೈಫೈ ನೋಡಿಕೊಳ್ಳುವ ಪ್ರೋಗ್ರಾಮೂ ಸಾಯಬಹುದು.

ಸಂಜೆ ಏಳಕ್ಕೇ ಯಾಕೆ ಅಂತ ನಾನೂ ಯೋಚನೆ ಮಾಡಿದೆ. ನನ್ನ ಅಂದಾಜು ಏನೆಂದರೆ, ನಿಮ್ಮ ಅಕ್ಕನ ಮಗ ಪಟ್ಟಿಯನ್ನು ಹೊಸದು ಮಾಡಿಕೊಳ್ಳುವ ಹೊತ್ತನ್ನು ಸಂಜೆಗೆ ಇಟ್ಟಿರಬೇಕು. ‘ಸಿಸ್ಟಮ್’ ಕೆಳಗೆ ‘ಶೆಡ್ಯೂಲ್ಡ್ ಟಾಸ್ಕ್ಸ್’ ಅಂತ ಇದೆ, ತೆರೆದು ನೋಡಿ. ಅಲ್ಲಿ ಸಾಲಿನ ಶುರುವಿನಲ್ಲಿ 0 ಆಮೇಲೆ 19 ಅಂತ ಇದ್ದರೆ ಅದು ಸಂಜೆ ಏಳು ಗಂಟೆ. ಪಟ್ಟಿ ಹೊಸದು ಮಾಡುವಾಗ ಏನಾಗುತ್ತದೆ ನೋಡಿ. ಹಳೇ ಪಟ್ಟಿ ಹೊತ್ತುಕೊಂಡ ಡಿಎನ್‌ಎಸ್‌ಮಾಸ್ಕ್ ಇನ್ನೂ ಓಡುತ್ತಲೇ ಇರುತ್ತದೆ. ಅದೇ ಹೊತ್ತಿಗೆ ಹೊಸ ಪಟ್ಟಿ ಡೌನ್‌ಲೋಡ್ ಆಗಿ ‘ಟೆಂಪ್’ ಫೋಲ್ಡರಿನಲ್ಲಿ ಕೂರುತ್ತದೆ. ಹೆಸರಿಗೆ ಅದು ಫೋಲ್ಡರ್, ಇರುವುದು ರ‍್ಯಾಮಿನಲ್ಲೇ. ಅಲ್ಲೇ ಪಟ್ಟಿಗಳನ್ನು ಒಂದುಗೂಡಿಸಿ, ವಿಂಗಡಿಸಿ, ಎರಡೆರಡು ಸಲ ಬಂದ ಹೆಸರು ತೆಗೆಯುವ ಕೆಲಸವೂ ನಡೆಯುತ್ತದೆ. ಹಳೇದೂ ಇದೆ, ಹೊಸದೂ ಇದೆ, ಜೊತೆಗೆ ಮನೆಮಂದಿಯೆಲ್ಲ ಫೋನ್ ಹಿಡಿದು ಕೂತ ಹೊತ್ತು. 64 ಎಂಬಿ ಎಲ್ಲಿ ಸಾಲುತ್ತದೆ? ಆನ್ ಮಾಡಿದ ಕೂಡಲೇ ಸರಿ ಹೋಗುವುದೂ ಇದೇ ಕಾರಣಕ್ಕೆ. ಆಗ ಹಳೇ ಪಟ್ಟಿ ಇರುವುದಿಲ್ಲ, ಹೊಸದೊಂದೇ. ಎರಡು ತಿಂಗಳು ಚೆನ್ನಾಗಿತ್ತು ಅಂದಿರಿ. ಈ ಪಟ್ಟಿಗಳು ಬೆಳೆಯುತ್ತಾ ಹೋಗುತ್ತವೆ. ಅಂಚಿನಲ್ಲಿ ನಡೆಯುತ್ತಿದ್ದದ್ದು ಒಂದು ದಿನ ಅಂಚು ದಾಟಿದೆ.

ಈಗ ಮಾಡಬೇಕಾದ್ದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ದಯವಿಟ್ಟು. ನಾಲ್ಕು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿ ಹೋಯಿತು ಅಂತ ತಿಳಿಯಲ್ಲ. ಮೊದಲು ‘ಸಿಸ್ಟಮ್’ ಕೆಳಗಿನ ‘ಬ್ಯಾಕಪ್’ನಿಂದ ಈಗಿನ ಸೆಟ್ಟಿಂಗ್ ಒಂದು ಫೈಲಾಗಿ ಇಳಿಸಿಟ್ಟುಕೊಳ್ಳಿ. ಆಮೇಲೆ ಜಾಹೀರಾತು ತಡೆ ಪೂರ್ತಿ ನಿಲ್ಲಿಸಿ ಒಂದು ವಾರ ನೋಡಿ. ವಾರವೆಲ್ಲ ಒಂದು ಸಲವೂ ಹೋಗಲಿಲ್ಲ ಅಂದರೆ ಕಾರಣ ಗಟ್ಟಿಯಾಯಿತು. ಮುಖ್ಯ ಪುಟದಲ್ಲಿ ‘ಮೆಮೊರಿ’ ಅಂತ ಒಂದು ಪಟ್ಟಿ ಇರುತ್ತದೆ, ಅದರಲ್ಲಿ ‘ಟೋಟಲ್ ಅವೈಲಬಲ್’ ಎಷ್ಟಿದೆ ಅಂತ ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ಬರೆದಿಡಿ, ಮಳೆ ಅಳತೆ ಬರೆದಿಡುವ ಹಾಗೆ. ತಡೆ ಇದ್ದಾಗಿನ ಅಂಕಿ, ಇಲ್ಲದಾಗಿನ ಅಂಕಿ ಪಕ್ಕಪಕ್ಕದಲ್ಲಿ ಇಟ್ಟರೆ ನಾನು ಹೇಳುವುದೇ ಬೇಡ, ನಿಮಗೇ ಕಾಣುತ್ತದೆ.

ಆಮೇಲೆ ನಿಮ್ಮ ಮುಂದೆ ಎರಡು ದಾರಿ. ತಡೆ ರೂಟರಿನಲ್ಲೇ ಬೇಕು ಅಂದರೆ ಎಷ್ಟು ಪಟ್ಟಿ ಆರಿಸಿದ್ದಾನೋ ಅದರಲ್ಲಿ ಚಿಕ್ಕದು ಒಂದನ್ನು ಮಾತ್ರ ಉಳಿಸಿ, ಹೊಸದು ಮಾಡುವ ಹೊತ್ತನ್ನು ಬೆಳಗಿನ ಜಾವ ನಾಲ್ಕಕ್ಕೆ ಹಾಕಿ, ಝಡ್‌ರ‍್ಯಾಮ್ ಸ್ವಾಪ್ ಅನ್ನುವ ಪ್ಯಾಕೇಜ್ ಸೇರಿಸಿ. ಅದು ರ‍್ಯಾಮಿನಲ್ಲಿರುವ ಕೆಲವು ಭಾಗವನ್ನು ಹಿಂಡಿ ಚಿಕ್ಕದು ಮಾಡಿ ಇಡುತ್ತದೆ, ಸ್ವಲ್ಪ ಉಸಿರಾಡಲು ಜಾಗ ಸಿಗುತ್ತದೆ. ಪ್ರೊಸೆಸರಿಗೆ ತುಸು ಕೆಲಸ ಜಾಸ್ತಿ. ನಿಮ್ಮಂಥ ರೂಟರಿನಲ್ಲಿ ಫ್ಲ್ಯಾಶ್ ಜಾಗವೂ ಕಮ್ಮಿ ಇರಬಹುದು, ಹಿಡಿಯುತ್ತದಾ ಅಂತ ಮೊದಲು ನೋಡಿಕೊಳ್ಳಿ.

ಎರಡನೇ ದಾರಿ ನನಗೆ ಇಷ್ಟ, ನಿಮ್ಮ ಮನೆಗೆ ಅದೇ ಹೊಂದುತ್ತದೆ ಅನ್ನಿಸುತ್ತದೆ. ಪಟ್ಟಿ ಹೊರುವ ಭಾರವನ್ನು ರೂಟರಿನಿಂದ ಇಳಿಸಿಬಿಡಿ. ಜಾಹೀರಾತು ತಾಣಗಳನ್ನು ತಾವೇ ತಡೆದು ಉತ್ತರ ಕೊಡುವ ಉಚಿತ ಡಿಎನ್‌ಎಸ್ ಸೇವೆಗಳಿವೆ. ಆಡ್‌ಗಾರ್ಡ್‌ನದ್ದು 94.140.14.14 ಮತ್ತು 94.140.15.15. ‘ನೆಟ್‌ವರ್ಕ್’ ಕೆಳಗೆ ‘ಇಂಟರ್‌ಫೇಸಸ್’, ಅದರಲ್ಲಿ ‘ವ್ಯಾನ್’ ತೆರೆದು, ‘ಅಡ್ವಾನ್ಸ್ಡ್’ನಲ್ಲಿ ಕಂಪನಿ ಕೊಟ್ಟ ಡಿಎನ್‌ಎಸ್ ಬಳಸುವ ಟಿಕ್ ತೆಗೆದು ಈ ಎರಡು ನಂಬರ್ ಹಾಕಿ. ರೂಟರಿನ ಡಿಎನ್‌ಎಸ್‌ಮಾಸ್ಕ್ ಆಗ ಹಗುರಾಗಿ ತನ್ನ ಎರಡು ಕೆಲಸ ಮಾತ್ರ ಮಾಡಿಕೊಂಡಿರುತ್ತದೆ. ಒಂದು ಮಾತು ತಿಳಿದಿರಲಿ: ಮನೆಯವರೆಲ್ಲ ಯಾವ ಯಾವ ಸೈಟಿಗೆ ಹೋಗುತ್ತಾರೆ ಅನ್ನುವ ಹೆಸರುಗಳು ಆಗ ಆ ಸೇವೆಯವರ ಹತ್ತಿರ ಹೋಗುತ್ತವೆ. ಈಗ ಅವು ನಿಮ್ಮ ಲೈನ್ ಕಂಪನಿಗೋ, ಅಕ್ಕನ ಮಗ ಇಟ್ಟ ಇನ್ನಾವುದೋ ಸೇವೆಗೋ ಹೋಗುತ್ತಿವೆ. ಯಾರನ್ನು ನಂಬುತ್ತೀರಿ ಅನ್ನುವುದು ನಿಮ್ಮ ತೀರ್ಮಾನ.

ಮುಂದೆ ಯಾವತ್ತಾದರೂ ಹೊಸ ರೂಟರ್ ಕೊಳ್ಳುವಾಗ ಡಬ್ಬದ ಮೇಲೆ ಎಷ್ಟು ಆಂಟೆನಾ ಅಂತ ನೋಡಬೇಡಿ, ಒಳಗೆ ಎಷ್ಟು ರ‍್ಯಾಮ್ ಅಂತ ಕೇಳಿ. ಓಪನ್‌ಡಬ್ಲ್ಯುಆರ್‌ಟಿ ಹಾಕುವುದಾದರೆ 16 ಎಂಬಿ ಫ್ಲ್ಯಾಶ್, 128 ಎಂಬಿ ರ‍್ಯಾಮಿಗಿಂತ ಕಮ್ಮಿಯದ್ದು ಬೇಡ. ಜಾಹೀರಾತು ತಡೆಯೂ ಬೇಕು ಅಂದರೆ 256 ಇರಲಿ. ಅಕ್ಕನ ಮಗನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ, ಅವನು ಮಾಡಿದ್ದು ಒಳ್ಳೇ ಕೆಲಸವೇ.

ಪ್ರಶ್ನೆ: ನಮ್ಮ ರೂಟರಿನಲ್ಲೂ ಡಿಎನ್‌ಎಸ್‌ಮಾಸ್ಕ್ ಆಗಾಗ ಕ್ರ್ಯಾಶ್ ಆಗುತ್ತದೆ. ಯಾರಾದರೂ ಹ್ಯಾಕ್ ಮಾಡಿರಬಹುದಾ ಅಂತ ಭಯ. ಲಾಗಿನಲ್ಲಿ ಮೆಮೊರಿ ವಿಷಯ ಏನೂ ಇಲ್ಲ, ‘ಸಿಗ್‌ಸೆಗ್‌ವಿ’ ಅಂತ ಮಾತ್ರ ಇದೆ. ಸಾಫ್ಟ್‌ವೇರ್ 2019ರಲ್ಲಿ ಹಾಕಿದ್ದು, ಆಮೇಲೆ ಮುಟ್ಟಿಲ್ಲ. — ಮೈಸೂರಿನ ಓದುಗರು

ಉತ್ತರ: ಆ ಪದ ಕಂಡಿದೆ ಅಂದರೆ ಪ್ರೋಗ್ರಾಂ ತನಗೆ ಸೇರದ ಮೆಮೊರಿ ಜಾಗಕ್ಕೆ ಕೈಹಾಕಿ ಬಿದ್ದಿದೆ ಅಂತ ಅರ್ಥ. ಮೇಷ್ಟ್ರ ಮನೆಯದು ಜಾಗ ಸಾಲದೆ ಆದದ್ದು, ನಿಮ್ಮದು ಪ್ರೋಗ್ರಾಮಿನ ಒಳಗಿನ ತಪ್ಪು. ಔಷಧಿ ಬೇರೆ ಬೇರೆ. ಹೆಚ್ಚಿನ ಸಲ ಇದು ಬರೀ ಹಳೇ ಬಗ್, ಹ್ಯಾಕ್ ಅಲ್ಲ. ಆದರೆ ನಿಮ್ಮ ಭಯ ಸುಮ್ನೆ ಅಂತ ನಾನು ಹೇಳಲ್ಲ, ಯಾಕೆಂದರೆ 2019ರ ಸಾಫ್ಟ್‌ವೇರನ್ನು ಹಾಗೇ ಬಿಟ್ಟಿರುವುದು ನಿಜವಾಗಿಯೂ ಅಪಾಯ.

ಡಿಎನ್‌ಎಸ್‌ಮಾಸ್ಕ್ ಬರೆದವರು ಸೈಮನ್ ಕೆಲ್ಲಿ ಅಂತ. ಚಿಕ್ಕ ಪ್ರೋಗ್ರಾಂ, ಕಮ್ಮಿ ಜಾಗ ಸಾಕು, ಆ ಕಾರಣಕ್ಕೇ ಮನೆಮನೆಯ ರೂಟರುಗಳಲ್ಲಿ, ಕಂಪನಿಗಳೇ ಹಾಕಿ ಕೊಡುವ ಸಾಫ್ಟ್‌ವೇರಿನಲ್ಲೂ, ಬಂದು ಕೂತಿದೆ. ಅಷ್ಟು ಕಡೆ ಇರುವುದರಿಂದ ಅದರಲ್ಲಿ ಒಂದು ತೂತು ಕಂಡರೆ ಎಲ್ಲರಿಗೂ ತಲೆನೋವು. 2017ರ ಅಕ್ಟೋಬರಿನಲ್ಲಿ ಗೂಗಲ್‌ನ ಭದ್ರತಾ ತಂಡ ಏಳು ತಪ್ಪು ಹುಡುಕಿತು, 2.78ನೇ ಆವೃತ್ತಿಯಲ್ಲಿ ಸರಿ ಮಾಡಿದರು. 2021ರ ಜನವರಿಯಲ್ಲಿ ಇಸ್ರೇಲಿನ ಜೆಎಸ್‌ಒಎಫ್ ಅನ್ನುವ ಸಂಸ್ಥೆ ಇನ್ನೂ ಏಳನ್ನು ಹೊರಗೆ ಹಾಕಿತು, ಅದಕ್ಕೆ ಡಿಎನ್‌ಎಸ್‌ಪೂಕ್ ಅಂತ ಹೆಸರಿಟ್ಟರು. ಅದರಲ್ಲಿ ಕೆಲವು ತಪ್ಪು ಉತ್ತರ ನಂಬಿಸುವಂಥವು, ಇನ್ನು ಕೆಲವು ಪ್ರೋಗ್ರಾಮನ್ನೇ ಬೀಳಿಸುವಂಥವು. 2.83ರಲ್ಲಿ ಅವು ಸರಿಯಾದವು. 2024ರ ಫೆಬ್ರವರಿಯಲ್ಲಿ ಕೀಟ್ರ್ಯಾಪ್ ಅನ್ನುವ ಇನ್ನೊಂದು ತೂತು ಬಯಲಾಯಿತು, ಅದನ್ನು 2.90ರಲ್ಲಿ ಮುಚ್ಚಿದರು. ನಿಮ್ಮದು 2019ರದ್ದು ಅಂದರೆ ಕೊನೆಯ ಎರಡರ ರಿಪೇರಿಯೂ ಅದರಲ್ಲಿ ಇಲ್ಲ.

ಹಾಗಾಗಿ ಅಪ್‌ಡೇಟ್ ಮಾಡಿ, ಅದೇ ಉತ್ತರ. ನಿಮ್ಮ ರೂಟರಿನ ಮಾದರಿಯ ಜೊತೆ ಕೆಳಗಿನ ಲೇಬಲ್ಲಿನಲ್ಲಿರುವ ಹಾರ್ಡ್‌ವೇರ್ ವರ್ಷನ್ ನಂಬರೂ ತಾಳೆಯಾಗುವ ಫೈಲನ್ನೇ ಇಳಿಸಿಕೊಳ್ಳಿ. ಒಂದೇ ಹೆಸರಿನ ರೂಟರಿನಲ್ಲಿ ವಿ2, ವಿ4 ಅಂತ ಒಳಗಿನ ಚಿಪ್ಪೇ ಬೇರೆ ಇರುತ್ತದೆ, ತಪ್ಪು ಫೈಲ್ ಹಾಕಿದರೆ ರೂಟರ್ ಏಳದೇ ಹೋಗಬಹುದು. ಅಷ್ಟು ಹಳೇ ಆವೃತ್ತಿಯಿಂದ ಬರುವಾಗ ಹಳೇ ಸೆಟ್ಟಿಂಗ್ ಉಳಿಸಿಕೊಳ್ಳದೆ ಹೊಸದಾಗಿ ಶುರು ಮಾಡುವುದೇ ಒಳ್ಳೇದು. ವೈಫೈ ಹೆಸರು, ಪಾಸ್‌ವರ್ಡ್, ಲೈನ್ ಕಂಪನಿಯ ಲಾಗಿನ್ ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು ಕೂತುಕೊಳ್ಳಿ. ರೂಟರನ್ನೂ ಲ್ಯಾಪ್‌ಟಾಪನ್ನೂ ಯುಪಿಎಸ್ ಇರುವ ಪ್ಲಗ್ಗಿಗೆ ಹಾಕಿ, ವೈಫೈ ಬಿಟ್ಟು ಕೇಬಲ್ಲಿನಲ್ಲೇ ಮಾಡಿ. ಬರೆಯುತ್ತಿರುವ ಆ ಎರಡು ಮೂರು ನಿಮಿಷದಲ್ಲಿ ಕರೆಂಟ್ ಹೋಗಬಾರದು. ಆದ ಮೇಲೆ ಹೊರಗಿನಿಂದ ರೂಟರ್ ಪೇಜ್ ತೆರೆಯುವ ಅವಕಾಶ ಆಫ್ ಇದೆಯಾ, ಡಿಎನ್‌ಎಸ್ ಜಾಗದಲ್ಲಿ ನೀವು ಹಾಕದ ನಂಬರ್ ಏನಾದರೂ ಇದೆಯಾ ನೋಡಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದ್ತಿದೀನಿ. ರೂಟರಿನಲ್ಲಿ 256 ಎಂಬಿ ರ‍್ಯಾಮ್ ಇದೆ, ಡಿಎನ್‌ಎಸ್ ಕೆಲಸ ತಾನೇ ಮಾಡಿ ಜಾಹೀರಾತು ತಡೆಯೋ ಆಡ್‌ಗಾರ್ಡ್ ಹೋಮ್ ಅನ್ನೋ ಪ್ರೋಗ್ರಾಂ ಹಾಕಿದೆ. ಅವತ್ತಿನಿಂದ ಡಿಎನ್‌ಎಸ್‌ಮಾಸ್ಕ್ ಶುರುವೇ ಆಗ್ತಿಲ್ಲ. ‘ಪೋರ್ಟ್ 53, ಅಡ್ರೆಸ್ ಇನ್ ಯೂಸ್’ ಅಂತ ಬರುತ್ತೆ, ಆಮೇಲೆ ಕ್ರ್ಯಾಶ್ ಲೂಪ್. ಒಂದನ್ನ ತೆಗೆದ್ರೆ ಇನ್ನೊಂದು ಓಡುತ್ತೆ. ಎರಡೂ ಬೇಕು ನನಗೆ.

ಉತ್ತರ: ಒಂದೇ ಕುರ್ಚಿಗೆ ಇಬ್ಬರು ಬಂದಿದ್ದಾರೆ. ಡಿಎನ್‌ಎಸ್ ಪ್ರಶ್ನೆಗಳು ಬರುವುದು 53ನೇ ಪೋರ್ಟಿಗೆ (ಪೋರ್ಟ್ ಅಂದರೆ ಒಂದೊಂದು ಸೇವೆಗೂ ಇರುವ ಬಾಗಿಲಿನ ನಂಬರ್), ಅಲ್ಲಿ ಆಡ್‌ಗಾರ್ಡ್ ಮೊದಲು ಹೋಗಿ ಕೂತಿದೆ, ಡಿಎನ್‌ಎಸ್‌ಮಾಸ್ಕ್‌ಗೆ ಜಾಗ ಸಿಗದೆ ಶುರುವಿನಲ್ಲೇ ವಾಪಸ್ ಹೋಗುತ್ತದೆ. ನಿಮಗೆ ಡಿಎನ್‌ಎಸ್‌ಮಾಸ್ಕ್ ಬೇಕಿರುವುದು ವಿಳಾಸ ಕೊಡುವ ಕೆಲಸಕ್ಕೆ ತಾನೇ? ಹಾಗಾದರೆ ‘ನೆಟ್‌ವರ್ಕ್’ ಕೆಳಗಿನ ಡಿಎಚ್‌ಸಿಪಿ ಮತ್ತು ಡಿಎನ್‌ಎಸ್ ಪುಟದಲ್ಲಿ ಅದರ ಡಿಎನ್‌ಎಸ್ ಪೋರ್ಟನ್ನು 54 ಮಾಡಿ. 0 ಕೊಟ್ಟರೆ ಡಿಎನ್‌ಎಸ್ ಕೆಲಸ ಪೂರ್ತಿ ಬಿಟ್ಟು ಡಿಎಚ್‌ಸಿಪಿ ಮಾತ್ರ ಮಾಡುತ್ತದೆ. 54ರಲ್ಲಿ ಇಟ್ಟರೆ ಮನೆಯೊಳಗಿನ ಕಂಪ್ಯೂಟರುಗಳ ಹೆಸರನ್ನು ಆಡ್‌ಗಾರ್ಡ್ ಅದರ ಹತ್ತಿರ ಕೇಳಿ ತಿಳಿಯಬಹುದು, ನಾನು ಅದನ್ನೇ ಹೇಳುತ್ತೇನೆ.

ಇಲ್ಲಿ ತುಂಬ ಜನ ಎಡವುವ ಜಾಗ ಒಂದಿದೆ. ಪೋರ್ಟ್ 53 ಬಿಟ್ಟ ಕೂಡಲೇ ಡಿಎನ್‌ಎಸ್‌ಮಾಸ್ಕ್ ‘ಹೆಸರು ಕೇಳಲು ನನ್ನ ಹತ್ತಿರ ಬನ್ನಿ’ ಅಂತ ಫೋನುಗಳಿಗೆ ಹೇಳುವುದನ್ನೂ ನಿಲ್ಲಿಸುತ್ತದೆ. ವಿಳಾಸ ಕೊಡುತ್ತದೆ, ಡಿಎನ್‌ಎಸ್ ಯಾರು ಅಂತ ಹೇಳಲ್ಲ. ಆಗ ಎಲ್ಲ ಸರಿ ಮಾಡಿದೆ ಆದರೂ ಪೇಜ್ ತೆರೆಯಲ್ಲ ಅಂತ ಗಂಟೆಗಟ್ಟಲೆ ತಲೆ ಕೆಡುತ್ತದೆ. ಅದಕ್ಕೆ ಲ್ಯಾನ್ ಇಂಟರ್‌ಫೇಸಿನ ಡಿಎಚ್‌ಸಿಪಿ ಆಪ್ಷನ್ಸ್ ಜಾಗದಲ್ಲಿ 6,192.168.1.1 ಅಂತ ಕೈಯಾರೆ ಸೇರಿಸಬೇಕು. ಆ 6 ಅನ್ನುವುದು ಡಿಎನ್‌ಎಸ್ ವಿಳಾಸಕ್ಕಿರುವ ಆಪ್ಷನ್ ನಂಬರ್. ಸೇರಿಸಿದ ಮೇಲೆ ಫೋನಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಇಲ್ಲದಿದ್ದರೆ ಹಳೇದನ್ನೇ ಹಿಡಿದುಕೊಂಡಿರುತ್ತದೆ.

ಇನ್ನೊಂದು, ಫೈಲನ್ನು ಕೈಯಾರೆ ತಿದ್ದುವ ಅಭ್ಯಾಸ ನಿಮಗಿದ್ದರೆ, ತಿದ್ದಿದ ಮೇಲೆ ರೀಸ್ಟಾರ್ಟ್ ಕೊಡುವ ಮುಂಚೆ ಡಿಎನ್‌ಎಸ್‌ಮಾಸ್ಕ್ ಕಮಾಂಡಿಗೆ ಎರಡು ಅಡ್ಡಗೆರೆ ಹಾಕಿ ‘ಟೆಸ್ಟ್’ ಅಂತ ಸೇರಿಸಿ ಓಡಿಸಿ. ಮಾಮೂಲಿ ಕಾನ್ಫಿಗ್ ಫೈಲಿನಲ್ಲಿ ಬರವಣಿಗೆ ತಪ್ಪಿದ್ದರೆ ಎಷ್ಟನೇ ಸಾಲಿನಲ್ಲಿ ಅಂತ ಹೇಳುತ್ತದೆ. ಒಂದು ಅಕ್ಷರ ತಪ್ಪಿದರೂ ಅದು ಏಳುವುದಿಲ್ಲ, ಆಗಲೂ ಲಾಗಿನಲ್ಲಿ ಕಾಣುವುದು ಇದೇ ಕ್ರ್ಯಾಶ್ ಲೂಪ್.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುವವಳು. ದಿನಕ್ಕೆ ಮೂರು ನಾಲ್ಕು ಸಲ ಮೀಟಿಂಗ್ ಮಧ್ಯದಲ್ಲೇ ನೆಟ್ ಹೋಗಿ ಎರಡು ನಿಮಿಷದಲ್ಲಿ ತಾನೇ ಬರುತ್ತದೆ. ಕಂಪನಿ ಕೊಟ್ಟ ಫೈಬರ್ ಡಬ್ಬ, ಲಾಗ್ ನೋಡುವ ಅವಕಾಶ ಇಲ್ಲ. ನಾಲ್ಕು ವರ್ಷ ಹಳೇದು. ಮಳೆ ಬಂದಾಗ, ಕರೆಂಟ್ ಹೋಗಿ ಬಂದಾಗ ಜಾಸ್ತಿ ಅನ್ನಿಸುತ್ತದೆ. ಇದೂ ಸರ್ವಿಸ್ ಕ್ರ್ಯಾಶಾ?

ಉತ್ತರ: ಇಲ್ಲ ಮೇಡಂ, ತಾನೇ ಹೋಗಿ ಎರಡು ನಿಮಿಷದಲ್ಲಿ ತಾನೇ ಬರುತ್ತದೆ ಅಂದರೆ ಇಡೀ ಡಬ್ಬವೇ ರೀಬೂಟ್ ಆಗುತ್ತಿರುವ ಸಾಧ್ಯತೆ ಜಾಸ್ತಿ. ಲಾಗ್ ಇಲ್ಲದಿದ್ದರೂ ದೀಪಗಳಿವೆಯಲ್ಲ, ಅವನ್ನೇ ನೋಡಿ. ಡಬ್ಬವನ್ನು ಮೇಜಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಳ್ಳಿ. ನೆಟ್ ಹೋದ ಕ್ಷಣ ಎಲ್ಲ ದೀಪ ಒಟ್ಟಿಗೆ ಆರಿ ಒಂದೊಂದಾಗಿ ಬಂದರೆ ಡಬ್ಬ ರೀಬೂಟ್ ಆಗಿದೆ, ಹೆಚ್ಚಾಗಿ ಕರೆಂಟಿನ ತೊಂದರೆ. ‘ಎಲ್‌ಒಎಸ್’ ದೀಪ ಮಾತ್ರ ಕೆಂಪಗಾದರೆ ಹೊರಗಿನಿಂದ ಬರುವ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ, ಆಗ ಕಂಪನಿಯವರೇ ಬರಬೇಕು. ಎಲ್ಲ ದೀಪ ಮಾಮೂಲಿನಂತೆ ಇದ್ದು ನೆಟ್ ಮಾತ್ರ ಹೋದರೆ ಆಗ ಒಳಗಿನ ಸೇವೆ ಬಿದ್ದಿರಬಹುದು. ಹೆಚ್ಚಿನ ಡಬ್ಬಗಳ ಪೇಜಿನಲ್ಲಿ ‘ಅಪ್‌ಟೈಮ್’ ಅಂತಲೂ ಒಂದು ಅಂಕಿ ಇರುತ್ತದೆ, ಎಷ್ಟು ಹೊತ್ತಿನಿಂದ ನಿಲ್ಲದೆ ಓಡುತ್ತಿದೆ ಅಂತ. ನೆಟ್ ಬಂದ ಕೂಡಲೇ ನೋಡಿ, ಎರಡೋ ಮೂರೋ ನಿಮಿಷ ಅಂತಿದ್ದರೆ ಅನುಮಾನವೇ ಬೇಡ.

ನಾಲ್ಕು ವರ್ಷ ಹಳೇದು, ಕರೆಂಟ್ ಹೋಗಿ ಬಂದಾಗ ಜಾಸ್ತಿ ಅಂದಿರಿ. ನನಗೆ ಮೊದಲ ಅನುಮಾನ ಅಡಾಪ್ಟರಿನ ಮೇಲೆ. ಅದರೊಳಗಿನ ಕೆಪಾಸಿಟರ್ ಬಿಸಿಗೆ ಒಣಗುತ್ತಾ ಬಂದು, ಡಬ್ಬ ಜಾಸ್ತಿ ಕೆಲಸ ಮಾಡುವಾಗ ಬೇಕಾದಷ್ಟು ಕರೆಂಟ್ ಕೊಡಲಾಗುವುದಿಲ್ಲ. ಇನ್ವರ್ಟರಿಗೆ ಬದಲಾಗುವ ಆ ಕಣ್ಣು ಮಿಟುಕಿಸುವಷ್ಟು ಹೊತ್ತನ್ನು ಹೊಸ ಅಡಾಪ್ಟರ್ ತಡೆದುಕೊಳ್ಳುತ್ತದೆ, ಹಳೇದು ತಡೆಯಲ್ಲ. ಎಲೆಕ್ಟ್ರಿಷಿಯನ್ ಬಂದು ಮೀಟರ್ ಇಟ್ಟು 12 ವೋಲ್ಟ್ ಸರಿಯಾಗಿದೆ ಅಂದರೂ ನಂಬಬೇಡಿ. ಪಿನ್ ಹೊರಗೆ ತೆಗೆದು ಅಳೆದರೆ ಸರಿಯಾಗೇ ತೋರಿಸುತ್ತದೆ, ಡಬ್ಬಕ್ಕೆ ಸಿಕ್ಕಿಸಿದ ಮೇಲೆ ಕುಸಿಯುತ್ತದೆ.

ಹೊಸ ಅಡಾಪ್ಟರ್ ತರುವಾಗ ಹಳೇದನ್ನು ಜೊತೆಗೆ ಒಯ್ಯಿರಿ. ವೋಲ್ಟ್ ಅಷ್ಟೇ ಇರಬೇಕು, 12 ಅಂದರೆ 12. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಮ್ಮಿ ಇರಬಾರದು. ಪಿನ್ನಿನ ದಪ್ಪವೂ, ಒಳಗೆ ಪ್ಲಸ್ ಹೊರಗೆ ಮೈನಸ್ ಅಂತ ಬರೆದಿರುವ ಆ ಚಿಕ್ಕ ಚಿತ್ರವೂ ತಾಳೆಯಾಗಬೇಕು. ಕೆಲಸ ನೆಟ್ ಮೇಲೆಯೇ ನಿಂತಿದೆ ಅಂದಮೇಲೆ ರೂಟರಿಗೆ ಅಂತಲೇ ಸಿಗುವ 12 ವೋಲ್ಟಿನ ಚಿಕ್ಕ ಯುಪಿಎಸ್ ಒಂದನ್ನು ಹಾಕಿಬಿಡಿ. ಡಬ್ಬ ಟಿವಿ ಕಪಾಟಿನೊಳಗೆ, ಸೆಟ್‌ಟಾಪ್ ಬಾಕ್ಸಿನ ಮೇಲೆ ಇದ್ದರೆ ಅಲ್ಲಿಂದ ಹೊರಗೆ ತೆಗೆದು ಗಾಳಿ ಆಡುವ ಕಡೆ ಇಡಿ. ಅಡಾಪ್ಟರ್ ಬದಲಿಸಿ ಒಂದು ವಾರ ಆದ ಮೇಲೂ ದೀಪಗಳು ಒಟ್ಟಿಗೆ ಆರುತ್ತಿದ್ದರೆ ಡಬ್ಬವನ್ನೇ ಬದಲಿಸಿಕೊಡಿ ಅಂತ ಕಂಪನಿಗೆ ಹೇಳಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ದೀಪ ಆರಿತ್ತು ಅಂತ ಬರೆದ ಚೀಟಿ ಕೈಯಲ್ಲಿದ್ದರೆ ‘ರೀಸ್ಟಾರ್ಟ್ ಮಾಡಿ ನೋಡಿ ಮೇಡಂ’ ಅನ್ನುವ ಮಾತಿನಲ್ಲೇ ನಿಮ್ಮ ದೂರು ಮುಗಿಯುವುದಿಲ್ಲ.